ಪ್ರಾಚೀನ ಗ್ರೀಕ್ ದೇಗುಲಗಳ ಅವಶೇಷಗಳನ್ನು ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಥೆನ್ಸಿನ ಬೆಟ್ಟದ ಮೇಲಿರುವ ಪಾರ್ಥೆನಾನ್‌ನಿಂದ ಹಿಡಿದು ಸಿಸಿಲಿಯ ಹೊಲಗಳ ನಡುವೆ ಉರುಳಿಬಿದ್ದಿರುವ ಕಂಬಗಳವರೆಗೆ, ಗ್ರೀಕರ ಹಳೆಯ ದೇಗುಲಗಳನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಟಿಕೆಟ್, ವೀಸಾ, ಊಟದ ವಿಷಯಗಳು ಕೊನೆಯ ಭಾಗದಲ್ಲಿವೆ. ಕಲ್ಲುಗಳನ್ನು ಹೇಗೆ ನೋಡಬೇಕೆಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಅಷ್ಟು ದೂರ ಹೋಗಿ ನಿರಾಶರಾಗಿ ಮರಳಿದವರಲ್ಲಿ ಹೆಚ್ಚಿನವರು ಅದನ್ನು ತಿಳಿಯದೆ ಹೋದವರು.

ಗ್ರೀಕ್ ದೇಗುಲಗಳನ್ನು ನೋಡಲು ಗ್ರೀಸ್ ದೇಶಕ್ಕೇ ಹೋಗಬೇಕೆ?

ಹಾಗೇನೂ ಇಲ್ಲ. ಕ್ರಿ.ಪೂ. 8ನೇ ಶತಮಾನದಿಂದ ಗ್ರೀಕರು ಸಮುದ್ರ ದಾಟಿ ಹೋಗಿ ದಕ್ಷಿಣ ಇಟಲಿ ಮತ್ತು ಸಿಸಿಲಿಯಲ್ಲಿ ಊರುಗಳನ್ನು ಕಟ್ಟಿಕೊಂಡರು. ಇಂದಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ಅವರು ಅದಕ್ಕೂ ಮುಂಚೆಯೇ ನೆಲೆಸಿದ್ದರು. ಹೀಗಾಗಿ ಕಂಬಗಳೆಲ್ಲ ನೆಟ್ಟಗೆ ನಿಂತಿರುವ ದೇಗುಲಗಳನ್ನು ನೋಡಬೇಕೆಂದರೆ ಇಟಲಿಯೇ ಹೆಚ್ಚು ಉದಾರ. ನೇಪಲ್ಸಿನ ದಕ್ಷಿಣಕ್ಕಿರುವ ಪೇಸ್ತುಮ್‌ನಲ್ಲಿ ಕ್ರಿ.ಪೂ. 6 ಮತ್ತು 5ನೇ ಶತಮಾನಗಳ ಮೂರು ಭಾರಿ ದೇಗುಲಗಳು ಬಯಲಿನಲ್ಲಿ ನಿಂತಿವೆ. ಸಿಸಿಲಿಯ ಅಗ್ರಿಜೆಂಟೊದಲ್ಲಿ ಒಂದೇ ಏಣಿನ ಉದ್ದಕ್ಕೂ ದೇಗುಲಗಳ ಸಾಲು ಇದೆ. ಸೆಲಿನುಂತೆಯಲ್ಲಿ ಬಿದ್ದ ಕಲ್ಲುಗಳ ರಾಶಿಯೇ ಒಂದು ಗುಡ್ಡದಷ್ಟಿದೆ. ಟರ್ಕಿಯ ದಿದಿಮಾದಲ್ಲಿರುವ ಅಪೊಲೊ ದೇಗುಲದ ಗಾತ್ರವನ್ನು ಚಿತ್ರಗಳಿಂದ ಊಹಿಸಲಾಗದು.

ಮೊದಲ ಸಲ ಹೋಗುವವರು ಎಷ್ಟು ದೇಗುಲಗಳನ್ನು ನೋಡಬೇಕು?

ಒಂದು ವಾರದಲ್ಲಿ ನಾಲ್ಕೈದು ಸಾಕು. ಅಥೆನ್ಸಿನಲ್ಲಿ ಮೂರು ದಿನವಿದ್ದು ಅಕ್ರೊಪೊಲಿಸ್ ಬೆಟ್ಟ, ಅದರ ವಸ್ತುಸಂಗ್ರಹಾಲಯ ಮತ್ತು ಹಳೆಯ ಸಂತೆಮಾಳವಾದ ಅಗೊರಾದ ಅಂಚಿನಲ್ಲಿರುವ ಹೆಫೈಸ್ಟಸ್ ದೇಗುಲ ಇಷ್ಟನ್ನು ನಿಧಾನವಾಗಿ ನೋಡಿ. ಒಂದು ದಿನ ಸೂನಿಯನ್ ಭೂಶಿರಕ್ಕೋ ಈಜಿನಾ ದ್ವೀಪಕ್ಕೋ ಹೋಗಿಬನ್ನಿ. ಉಳಿದ ದಿನಗಳಲ್ಲಿ ಡೆಲ್ಫಿ ಅಥವಾ ಒಲಿಂಪಿಯಾ, ಎರಡರಲ್ಲಿ ಒಂದು. ದಿನಕ್ಕೆ ಮೂರರಂತೆ ಓಡಾಡಿದರೆ ಮೂರನೆಯ ದಿನದ ಹೊತ್ತಿಗೆ ಎಲ್ಲ ಕಂಬಗಳೂ ಒಂದೇ ಬಗೆಯವಾಗಿ ಕಾಣತೊಡಗುತ್ತವೆ. ಅದು ಕಂಬಗಳ ತಪ್ಪಲ್ಲ.

ಎಲ್ಲವೂ ಮುರಿದುಬಿದ್ದಿರುವಾಗ ಅಲ್ಲಿ ನೋಡುವುದೇನಿದೆ?

ಮುರಿದುಬಿದ್ದಿರುವುದರಿಂದಲೇ ನೋಡಲು ಸಾಧ್ಯವಾಗುವ ಸಂಗತಿಗಳಿವೆ. ಪೂರ್ಣವಾಗಿ ನಿಂತ ಕಟ್ಟಡ ತನ್ನನ್ನು ಹೇಗೆ ಕಟ್ಟಿದರೆಂಬುದನ್ನು ಮರೆಮಾಡುತ್ತದೆ, ಆದರೆ ಬಿದ್ದ ಕಟ್ಟಡದ ಪ್ರತಿ ಕಲ್ಲಿನ ಮೈಮೇಲೂ ಕಲ್ಲುಕುಟಿಗರ ಕೆಲಸದ ಗುರುತುಗಳು ಬಯಲಾಗಿರುತ್ತವೆ.

ಮೊದಲು ನೆಲದ ಮೇಲೆ ಬಿದ್ದಿರುವ ಕಂಬದ ತುಂಡುಗಳನ್ನು ನೋಡಿ. ಹೆಚ್ಚಿನ ಕಂಬಗಳು ಒಂದೇ ಕಲ್ಲಿನವಲ್ಲ. ಬೀಸುಕಲ್ಲಿನಂಥ ದುಂಡನೆಯ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದಂಥವು. ತುಂಡಿನ ನಡುವೆ ಚೌಕಾಕಾರದ ಕುಳಿಯೊಂದು ಕಾಣುತ್ತದೆ. ಅದರಲ್ಲಿ ಮರದ ಬಿರಡೆಯನ್ನು ಕೂರಿಸಿ, ಮೇಲಿನ ತುಂಡು ಕೆಳಗಿನದರ ಮೇಲೆ ಕರಾರುವಾಕ್ಕಾಗಿ ಕೂರುವಂತೆ ಮಾಡುತ್ತಿದ್ದರು. ಗಾರೆಯನ್ನು ಎಲ್ಲಿಯೂ ಬಳಸುತ್ತಿರಲಿಲ್ಲ. ಗೋಡೆಯ ಕಲ್ಲುಗಳನ್ನು ಅಕ್ಕಪಕ್ಕದಲ್ಲಿ ಹಿಡಿದಿಡಲು ಕಬ್ಬಿಣದ ಪಟ್ಟಿಗಳನ್ನು ಕೂರಿಸಿ, ತುಕ್ಕು ಹಿಡಿಯದಂತೆ ಅವುಗಳ ಸುತ್ತ ಕರಗಿದ ಸೀಸವನ್ನು ಎರೆಯುತ್ತಿದ್ದರು. ನಿಂತಿರುವ ಗೋಡೆ, ಕಂಬಗಳ ಸಂದುಗಳಲ್ಲಿ ಯಾರೋ ಕೆತ್ತಿ ಅಗೆದಂತೆ ಒರಟು ತೂತುಗಳು ಕಂಡರೆ, ಅವು ನಂತರದ ಕಾಲದ ಜನ ಆ ಕಬ್ಬಿಣ ಮತ್ತು ಸೀಸಕ್ಕಾಗಿ ಕೊರೆದವು ಎಂದು ತಿಳಿಯಬಹುದು.

ಇದನ್ನು ಅರ್ಥ ಮಾಡಿಕೊಳ್ಳಲು ಎಲ್ಲಕ್ಕಿಂತ ಒಳ್ಳೆಯ ಪಾಠಶಾಲೆ ಸಿಸಿಲಿಯ ಸೆಜೆಸ್ತಾ. ಅಲ್ಲಿನ ದೇಗುಲ ಕ್ರಿ.ಪೂ. 5ನೇ ಶತಮಾನದ ಕೊನೆಯಲ್ಲಿ ಅರ್ಧಕ್ಕೇ ನಿಂತುಹೋಯಿತು. ಕಟ್ಟಿಸಿದವರು ಗ್ರೀಕರೂ ಅಲ್ಲ, ಗ್ರೀಕ್ ಶೈಲಿಯನ್ನು ಒಪ್ಪಿಕೊಂಡ, ಸಿಸಿಲಿಯಲ್ಲೇ ಇದ್ದ ಎಲಿಮಿಯನ್ ಎಂಬ ಜನ. ಅದರ ಕಂಬಗಳಿಗೆ ಉದ್ದುದ್ದನೆಯ ಗೀರುಗಳಿಲ್ಲ, ಏಕೆಂದರೆ ಆ ಗೀರುಗಳನ್ನು ಕಂಬ ನಿಲ್ಲಿಸಿದ ಮೇಲೆ ಕೊನೆಯಲ್ಲಿ ಕೆತ್ತುತ್ತಿದ್ದರು. ಮೆಟ್ಟಿಲುಗಳ ಕಲ್ಲಿನ ಮೇಲೆ ಎತ್ತಿ ಸಾಗಿಸಲು ಬಿಟ್ಟ ಗುಬುಟುಗಳು ಹಾಗೆಯೇ ಉಳಿದಿವೆ. ಕೆಲಸ ಮುಗಿದಿದ್ದರೆ ಅವನ್ನು ಉಳಿಯಿಂದ ತೆಗೆದು ನಯ ಮಾಡುತ್ತಿದ್ದರು. ಒಳಗೆ ಗರ್ಭಗುಡಿಯೇ ಇಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ಕೂಜಾ ಎಂಬ ಕಲ್ಲುಗಣಿಯಲ್ಲಿ, ಸೆಲಿನುಂತೆಗಾಗಿ ಕಡಿಯುತ್ತಿದ್ದ ಕಂಬದ ತುಂಡುಗಳು ಬಂಡೆಯಿಂದ ಇನ್ನೂ ಪೂರ್ತಿ ಬೇರ್ಪಡದೆ ನಿಂತಿವೆ. ಕ್ರಿ.ಪೂ. 409ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಸೈನ್ಯ ಸೆಲಿನುಂತೆಯನ್ನು ನಾಶ ಮಾಡಿದ ಮೇಲೆ ಅವುಗಳಿಗಾಗಿ ಯಾರೂ ಮರಳಿ ಬರಲಿಲ್ಲ. ನನ್ನ ಮಟ್ಟಿಗೆ, ಇಡೀ ಗ್ರೀಕ್ ಜಗತ್ತಿನಲ್ಲಿ ಮನಸ್ಸನ್ನು ಇಷ್ಟು ಕಲಕುವ ಜಾಗ ಮತ್ತೊಂದಿಲ್ಲ.

ಇನ್ನು ಪಾರ್ಥೆನಾನ್. ಅದರ ಮೂಲೆಯೊಂದರ ನೇರಕ್ಕೆ ನಿಂತು, ಮೇಲಿನ ಮೆಟ್ಟಿಲಿನ ಅಂಚಿನ ಉದ್ದಕ್ಕೂ ಕಣ್ಣು ಹಾಯಿಸಿ. ಸಮತಟ್ಟಾಗಿದೆ ಎಂದುಕೊಂಡಿದ್ದ ನೆಲಗಟ್ಟು ನಡುವೆ ಮೆಲ್ಲನೆ ಉಬ್ಬಿರುವುದು ಕಾಣುತ್ತದೆ. ಉದ್ದದ ಬದಿಯಲ್ಲಿ ಈ ಉಬ್ಬು ಸುಮಾರು 11 ಸೆಂಟಿಮೀಟರ್. ಕಂಬಗಳು ಒಳಮುಖವಾಗಿ ತುಸು ವಾಲಿವೆ, ಅವುಗಳ ಮೈ ಮೇಲೇರುತ್ತ ನೇರವಾಗಿ ಸಣ್ಣದಾಗದೆ ನವಿರಾಗಿ ಬಾಗಿದೆ, ಮೂಲೆಯ ಕಂಬಗಳು ಉಳಿದವಕ್ಕಿಂತ ಸ್ವಲ್ಪ ದಪ್ಪ. ಹೀಗಾಗಿ ಅಲ್ಲಿ ನಿಜವಾದ ಸರಳರೇಖೆ ಸಿಗುವುದೇ ಅಪರೂಪ, ಮತ್ತು ಬಾಗನ್ನು ಸರಿದೂಗಿಸಲು ಪ್ರತಿ ಕಲ್ಲನ್ನೂ ಅದರ ಜಾಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಕಡೆಯಬೇಕಾಯಿತು. ಕ್ರಿ.ಪೂ. 447ರಲ್ಲಿ ಆರಂಭವಾದ ಕಟ್ಟಡ 438ರ ಹೊತ್ತಿಗೆ ನಿಂತಿತ್ತು, ಶಿಲ್ಪಗಳು 432ರಲ್ಲಿ ಮುಗಿದವು ಎಂಬುದನ್ನು ಇದರ ಜೊತೆಗಿಟ್ಟು ಯೋಚಿಸಿ.

ಈ ದೇಗುಲಗಳಲ್ಲಿ ಪೂಜೆ ಹೇಗೆ ನಡೆಯುತ್ತಿತ್ತು?

ನಮ್ಮ ದೇವಸ್ಥಾನಗಳಿಗೆ ಹೋಗಿ ಅಭ್ಯಾಸವಿರುವವರು ಇಲ್ಲಿ ಮೊದಲು ಎಡವುತ್ತಾರೆ. ಒಳಗಡೆ ದೇವರ ವಿಗ್ರಹವಿರುವ ಕೋಣೆ, ಅದರ ಮುಂದೆ ಮುಖಮಂಟಪ, ಸುತ್ತ ಕಂಬಸಾಲು, ಕೆಳಗೆ ಜಗತಿ ಇವನ್ನೆಲ್ಲ ನೋಡಿದಾಗ ಗರ್ಭಗುಡಿ ಮತ್ತು ಪ್ರದಕ್ಷಿಣಾಪಥವೆಂದು ಭಾವಿಸುವುದು ಸಹಜ. ಆದರೆ ಗ್ರೀಕರ ಮುಖ್ಯ ಪೂಜೆ ನಡೆಯುತ್ತಿದ್ದುದು ಕಟ್ಟಡದ ಒಳಗಲ್ಲ, ಹೊರಗಿನ ಬಲಿಪೀಠದಲ್ಲಿ. ಪೀಠವು ಸಾಮಾನ್ಯವಾಗಿ ದೇಗುಲದ ಪೂರ್ವದ ಮುಂಭಾಗದಲ್ಲಿರುತ್ತಿತ್ತು. ಪ್ರಾಣಿಯನ್ನು ಬಲಿಕೊಟ್ಟು, ಕೊಬ್ಬಿನಲ್ಲಿ ಸುತ್ತಿದ ತೊಡೆಯ ಮೂಳೆಗಳನ್ನು ದೇವರಿಗೆಂದು ಬೆಂಕಿಗೆ ಅರ್ಪಿಸಿ, ಮಾಂಸವನ್ನು ಸೇರಿದ ಜನ ಹಂಚಿಕೊಂಡು ತಿನ್ನುತ್ತಿದ್ದರು. ಕಟ್ಟಡ ದೇವರ ಮನೆ ಮತ್ತು ಕಾಣಿಕೆಗಳ ಭಂಡಾರ. ಜನ ಸೇರುತ್ತಿದ್ದುದು ಬಯಲಿನಲ್ಲಿ.

ಆದ್ದರಿಂದ ಯಾವುದೇ ದೇಗುಲಕ್ಕೆ ಹೋದರೂ ಮೊದಲು ಬೆನ್ನು ತಿರುಗಿಸಿ ಬಲಿಪೀಠದ ಅಡಿಪಾಯವನ್ನು ಹುಡುಕಿ. ನೆಲದಲ್ಲಿ ಉದ್ದನೆಯ ಕಲ್ಲಿನ ಸಾಲಾಗಿ ಅದು ಹಲವೆಡೆ ಉಳಿದಿದೆ, ಪ್ರವಾಸಿಗರು ಅದನ್ನು ದಾಟಿಕೊಂಡೇ ಕಂಬಗಳತ್ತ ಹೋಗುತ್ತಾರೆ. ಅಲ್ಲಿ ನಿಂತು ಸುತ್ತಲಿನ ಬೆಟ್ಟ, ಕಡಲು, ಕಣಿವೆಗಳನ್ನು ನೋಡಿದಾಗ ಜಾಗದ ಆಯ್ಕೆಯ ಅರ್ಥವಾಗುತ್ತದೆ. ಶಿಲ್ಪದ ವಿಷಯದಲ್ಲೂ ಇಂಥದೇ ವ್ಯತ್ಯಾಸವಿದೆ. ಹಳೇಬೀಡಿನಲ್ಲಿ ಆನೆ, ಕುದುರೆಗಳ ಸಾಲುಗಳು ಸುತ್ತು ಬರುವವರ ಕಣ್ಣಿಗೆ ಎಟುಕುವಷ್ಟು ಹತ್ತಿರದಲ್ಲಿವೆ. ಪಾರ್ಥೆನಾನಿನ ಸುಮಾರು 160 ಮೀಟರ್ ಉದ್ದದ, ಮೆರವಣಿಗೆಯನ್ನು ಕೆತ್ತಿದ ಶಿಲ್ಪಪಟ್ಟಿಕೆಯಾದರೋ ಕಂಬಸಾಲಿನ ಒಳಗೆ, ಸುಮಾರು 12 ಮೀಟರ್ ಎತ್ತರದಲ್ಲಿ, ನೆರಳಿನಲ್ಲಿತ್ತು.

ಈಗಲೂ ಅಲ್ಲಿ ಪೂಜೆಯಿದೆಯೆ? ಪಾದರಕ್ಷೆ ತೆಗೆಯಬೇಕೆ?

ತೆಗೆಯಬೇಕಾಗಿಲ್ಲ. ಇವು ಸಂರಕ್ಷಿತ ಸ್ಮಾರಕಗಳು. ಆದರೆ ಒಂದು ವಿಶೇಷ ಉದಾಹರಣೆಯಿದೆ. ಸಿಸಿಲಿಯ ಸಿರಕೂಸಾ ನಗರದ ಪ್ರಧಾನ ಚರ್ಚ್, ಕ್ರಿ.ಪೂ. 5ನೇ ಶತಮಾನದ ಅಥೀನಾ ದೇಗುಲದ ಒಳಗೇ ಕಟ್ಟಿದ್ದು. ದೇಗುಲದ ಡೋರಿಕ್ ಎಂಬ ಸಾದಾ ಶೈಲಿಯ ಕಂಬಗಳು ಅದರ ಗೋಡೆಗಳಲ್ಲಿ ಹುದುಗಿ ನಿಂತಿವೆ, ಪ್ರಾರ್ಥನೆ ಇಂದಿಗೂ ನಡೆಯುತ್ತದೆ. ಅಲ್ಲಿಗೆ ಭುಜ, ಮಂಡಿ ಮುಚ್ಚುವ ಉಡುಪಿನಲ್ಲಿ ಹೋಗಿ.

ಕೆಲವು ದೇಗುಲಗಳು ನಿಂತಿವೆ, ಕೆಲವು ನೆಲಸಮವಾಗಿವೆ. ಕಾರಣವೇನು?

ಕಾರಣಗಳು ಒಂದೆರಡಲ್ಲ. ಕ್ರಿ.ಶ. 391–392ರಲ್ಲಿ ರೋಮನ್ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರುಗಳ ಬಲಿಪೂಜೆಯನ್ನು ನಿಷೇಧಿಸಿದ ಮೇಲೆ ದೇಗುಲಗಳಿಗೆ ನೋಡಿಕೊಳ್ಳುವವರಿಲ್ಲವಾಯಿತು. ಚರ್ಚ್ ಆಗಿ ಬದಲಾದವು ಉಳಿದವು. ಅಥೆನ್ಸಿನ ಹೆಫೈಸ್ಟಸ್ ದೇಗುಲ 19ನೇ ಶತಮಾನದವರೆಗೂ ಸಂತ ಜಾರ್ಜ್‌ನ ಚರ್ಚ್ ಆಗಿತ್ತು, ಅದರ 34 ಕಂಬಗಳೂ ಇಂದು ನಿಂತಿವೆ. ಅಗ್ರಿಜೆಂಟೊದ ಕಾನ್‌ಕೋರ್ಡಿಯಾ ದೇಗುಲದ ಕಥೆಯೂ ಅದೇ. ಹಾಗಾಗದ ಎಷ್ಟೋ ದೇಗುಲಗಳ ಕಲ್ಲುಗಳು ಮನೆ, ಕೋಟೆಗಳಿಗೆ ಸಾಗಿಹೋದವು. ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿದ್ದೂ ಉಂಟು.

ಒಲಿಂಪಿಯಾದ ಜ್ಯೂಸ್ ದೇಗುಲವನ್ನು ಕೆಡವಿದ್ದು ಕ್ರಿ.ಶ. 6ನೇ ಶತಮಾನದ ಭೂಕಂಪಗಳು. ಅಲ್ಲಿ ಕಂಬಗಳು ಹೋಳು ಮಾಡಿಟ್ಟ ಸೌತೆಕಾಯಿಯಂತೆ ಬಿದ್ದ ಸಾಲಿನಲ್ಲೇ ಮಲಗಿವೆ. ನಂತರ ನದಿಯ ಹೂಳು ಇಡೀ ಕ್ಷೇತ್ರವನ್ನು ಮುಚ್ಚಿಬಿಟ್ಟಿತು, 1875ರಲ್ಲಿ ಜರ್ಮನರು ವ್ಯವಸ್ಥಿತ ಉತ್ಖನನ ಆರಂಭಿಸಿದ ಮೇಲೆಯೇ ಅದು ಮತ್ತೆ ಬೆಳಕು ಕಂಡಿತು. ಪಾರ್ಥೆನಾನ್‌ಗೆ ಬಂದದ್ದು ಮನುಷ್ಯರು ತಂದ ಆಪತ್ತು. ಮೊದಲು ದೇಗುಲವಾಗಿ, ಬಳಿಕ ಚರ್ಚ್ ಆಗಿ, ಆಮೇಲೆ ಮಸೀದಿಯಾಗಿ ಒಟ್ಟು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಇಡಿಯಾಗಿ ನಿಂತಿದ್ದ ಕಟ್ಟಡದಲ್ಲಿ ಆಟೊಮನ್ ಸೈನ್ಯ ಮದ್ದುಗುಂಡು ಶೇಖರಿಸಿಟ್ಟಿತ್ತು. 1687ರ ಸೆಪ್ಟೆಂಬರ್ 26ರಂದು ವೆನಿಸಿನ ಪಡೆ ಹಾರಿಸಿದ ಗುಂಡು ಅದಕ್ಕೆ ತಗುಲಿ, ನಡುಭಾಗ ಸ್ಫೋಟಗೊಂಡಿತು. ಬೆಟ್ಟದ ಮೇಲೆ ನಿಂತು ಉದ್ದದ ಬದಿಯಲ್ಲಿ ಕಂಬಸಾಲು ತುಂಡಾದ ಜಾಗವನ್ನು ನೋಡಿದರೆ ಆ ದಿನದ ಗಾಯ ಇಂದಿಗೂ ಕಾಣುತ್ತದೆ.

ಈ ದೇಗುಲಗಳು ಮೊದಲಿನಿಂದಲೂ ಬಿಳಿಯಾಗಿದ್ದವೆ?

ಇಲ್ಲ. ಮೇಲ್ಭಾಗದ ಪಟ್ಟಿಕೆಗಳಿಗೂ ಶಿಲ್ಪಗಳಿಗೂ ನೀಲಿ, ಕೆಂಪು ಮುಂತಾದ ಗಾಢ ಬಣ್ಣಗಳನ್ನು ಹಚ್ಚುತ್ತಿದ್ದರು. ಸುಣ್ಣಕಲ್ಲಿನಲ್ಲಿ ಕಟ್ಟಿದವಕ್ಕೆ ಮೇಲೆ ನಯವಾದ ಬಿಳಿ ಗಿಲಾವು ಇರುತ್ತಿತ್ತು. ಈಜಿನಾ ಮತ್ತು ಸಿಸಿಲಿಯಲ್ಲಿ ಅದರ ತುಣುಕುಗಳು ಕಲ್ಲಿಗೆ ಅಂಟಿಕೊಂಡಿರುವುದನ್ನು ಗಮನವಿಟ್ಟು ನೋಡಿದರೆ ಕಾಣಬಹುದು.

ಕಂಬಗಳ ಶೈಲಿಗಳನ್ನು ಗುರುತಿಸುವುದು ಹೇಗೆ?

ಕಂಬದ ತಲೆಯನ್ನು, ಅಂದರೆ ನಾವು ಬೋದಿಗೆ ಎನ್ನುವ ಭಾಗವನ್ನು ನೋಡಿ. ತಟ್ಟೆಯಂಥ ಸಾದಾ ಕಲ್ಲಿನ ಮೇಲೊಂದು ಚೌಕ ಹಲಗೆಯಿದ್ದು, ಕಂಬ ಪೀಠವಿಲ್ಲದೆ ನೇರವಾಗಿ ನೆಲಗಟ್ಟಿನಿಂದ ಎದ್ದಿದ್ದರೆ ಅದು ಡೋರಿಕ್. ಎರಡು ಬದಿಯಲ್ಲಿ ಸುರುಳಿಗಳಿದ್ದರೆ ಅಯೋನಿಕ್. ಎಲೆಗಳ ಗೊಂಚಲಿದ್ದರೆ ಕೊರಿಂಥಿಯನ್. ಪೆಲೊಪೊನೀಸ್‌ನ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಬಸ್ಸೆಯ ಅಪೊಲೊ ದೇಗುಲದಲ್ಲಿ ಈ ಮೂರೂ ಬಗೆಗಳನ್ನು ಬಳಸಲಾಗಿತ್ತು. ನಮಗೆ ಗೊತ್ತಿರುವ ಮೊದಲ ಕೊರಿಂಥಿಯನ್ ಬೋದಿಗೆ ಅಲ್ಲಿನದೇ. 1987ರಿಂದ ಆ ದೇಗುಲವನ್ನು ಮಳೆ, ಹಿಮದಿಂದ ಕಾಪಾಡಲು ದೊಡ್ಡ ಡೇರೆಯ ಅಡಿಯಲ್ಲಿ ಇಡಲಾಗಿದೆ. ಚಿತ್ರ ತೆಗೆಯುವವರಿಗೆ ಬೇಸರವಾಗಬಹುದು, ಆದರೆ ಮಬ್ಬು ಬೆಳಕಿನಲ್ಲಿ ಆ ಬೂದುಬಣ್ಣದ ಕಂಬಗಳ ನಡುವೆ ನಿಲ್ಲುವ ಅನುಭವಕ್ಕೆ ಬೇರೆಯದೇ ಗಾಂಭೀರ್ಯವಿದೆ.

ಹಳೆಯ ಕಂಬಗಳ ನಡುವೆ ಹೊಸ ಬಿಳಿ ತುಂಡುಗಳೇಕೆ? ಕ್ರೇನುಗಳೇಕೆ?

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಕ್ರೊಪೊಲಿಸ್‌ನಲ್ಲಿ ನಡೆದ ದುರಸ್ತಿಯಲ್ಲಿ ಕಬ್ಬಿಣದ ಪಟ್ಟಿಗಳನ್ನು ಪ್ರಾಚೀನರಂತೆ ಸೀಸದಿಂದ ಸರಿಯಾಗಿ ಮುಚ್ಚಲಿಲ್ಲ. ಅವು ತುಕ್ಕು ಹಿಡಿದು ಉಬ್ಬಿ, ಕಲ್ಲನ್ನೇ ಸೀಳಿದವು. 1975ರಲ್ಲಿ ರಚನೆಯಾದ ಸಮಿತಿಯ ಮಾರ್ಗದರ್ಶನದಲ್ಲಿ ಅವನ್ನೆಲ್ಲ ತೆಗೆದು, ತುಕ್ಕು ಹಿಡಿಯದ ಟೈಟೇನಿಯಂ ಪಟ್ಟಿಗಳನ್ನು ಹಾಕುವ ಕೆಲಸ ದಶಕಗಳಿಂದ ನಡೆದಿದೆ. ಕಳೆದುಹೋದ ಭಾಗಕ್ಕೆ, ಮೂಲ ಕಲ್ಲು ಬಂದ ಅದೇ ಪೆಂಟೆಲಿ ಬೆಟ್ಟದ ಹೊಸ ಅಮೃತಶಿಲೆಯನ್ನು ಕಡೆದು ಕೂರಿಸುತ್ತಾರೆ. ಯಾವುದು ಹಳೆಯದು, ಯಾವುದು ಹೊಸದು ಎಂಬುದು ನೋಡುವವರಿಗೆ ತಿಳಿಯಲೆಂದು ಬಣ್ಣದ ವ್ಯತ್ಯಾಸವನ್ನು ಮುಚ್ಚುವುದಿಲ್ಲ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟವಾದದ್ದು.

ದೇಗುಲದ ಶಿಲ್ಪಗಳು ಎಲ್ಲಿವೆ? ವಸ್ತುಸಂಗ್ರಹಾಲಯವನ್ನು ಮೊದಲು ನೋಡಬೇಕೆ, ನಂತರವೆ?

ನಂತರ ನೋಡಿ. ಬೆಟ್ಟದ ಮೇಲೆ ಖಾಲಿ ಜಾಗಗಳನ್ನು ಕಂಡವರಿಗೆ ಮಾತ್ರ ಕೆಳಗಿರುವ ಶಿಲ್ಪಗಳ ಬೆಲೆ ತಿಳಿಯುತ್ತದೆ. 2009ರಲ್ಲಿ ತೆರೆದ ಅಕ್ರೊಪೊಲಿಸ್ ಮ್ಯೂಸಿಯಂನ ಮೇಲಿನ ಮಹಡಿಯನ್ನು ಪಾರ್ಥೆನಾನ್‌ನ ದಿಕ್ಕಿಗೇ ತಿರುಗಿಸಿ ಕಟ್ಟಲಾಗಿದ್ದು, ಗಾಜಿನ ಗೋಡೆಯಾಚೆ ದೇಗುಲವನ್ನು ಕಾಣುತ್ತಲೇ ಪಟ್ಟಿಕೆಯ ಸುತ್ತ ನಡೆಯಬಹುದು. ಆ ಪಟ್ಟಿಕೆಯಲ್ಲಿ ಜೇನುಬಣ್ಣದ ಮೂಲ ಕಲ್ಲುಗಳ ನಡುವೆ ಅಚ್ಚ ಬಿಳಿಯ ಗಾರೆಯ ಪಡಿಯಚ್ಚುಗಳು ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಮೂಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಆಟೊಮನ್ ಸಾಮ್ರಾಜ್ಯದಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಎಲ್ಗಿನ್ 1801ರಿಂದ ತೆಗೆಸಿ ಸಾಗಿಸಿದ ಶಿಲ್ಪಗಳನ್ನು ಬ್ರಿಟಿಷ್ ಸರ್ಕಾರ 1816ರಲ್ಲಿ ಕೊಂಡಿತು. ಅಕ್ರೊಪೊಲಿಸ್ ಬೆಟ್ಟದ ಮೇಲಿನ ಇನ್ನೊಂದು ದೇಗುಲದಲ್ಲಿ ಕಂಬಗಳ ಬದಲು ಕಟ್ಟಡವನ್ನು ಹೊತ್ತು ನಿಂತಿದ್ದ ಎರೆಕ್ಥಿಯಾನ್‌ನ ಆರು ಕನ್ಯೆಯರಲ್ಲಿ ಐವರು ಅಥೆನ್ಸಿನ ಮ್ಯೂಸಿಯಂನಲ್ಲಿದ್ದಾರೆ, ಒಬ್ಬಳು ಲಂಡನ್ನಿನಲ್ಲಿ. ಬೆಟ್ಟದ ಮೇಲಿರುವವು ಪ್ರತಿಗಳು. ಆ ಐವರ ಸಾಲಿನಲ್ಲಿ ಆರನೆಯವಳಿಗೆಂದು ಬಿಟ್ಟ ತೆರವಿನ ಮುಂದೆ ನಿಂತಾಗ, ಶಿಲ್ಪಗಳು ತವರಿಗೆ ಮರಳಬೇಕೆಂಬ ಗ್ರೀಕರ ಬೇಡಿಕೆ ನ್ಯಾಯವಾದದ್ದೆಂದೇ ನನಗನ್ನಿಸುತ್ತದೆ.

ಟಿಕೆಟ್ ಮುಂಗಡವಾಗಿ ಕೊಳ್ಳಬೇಕೆ?

ಅಕ್ರೊಪೊಲಿಸ್‌ಗೆ ಖಂಡಿತ ಬೇಕು. 2023ರಿಂದ ಅಲ್ಲಿ ಗೊತ್ತಾದ ಗಂಟೆಗೆ ಮಾತ್ರ ಪ್ರವೇಶ ಕೊಡುವ ಪದ್ಧತಿಯಿದ್ದು, ದಿನಕ್ಕೆ 20,000 ಜನರ ಮಿತಿಯನ್ನು ಹಾಕಲಾಗಿದೆ. 2025ರ ಏಪ್ರಿಲ್‌ನಿಂದ ಟಿಕೆಟ್ ದರ 30 ಯೂರೊ. ಗ್ರೀಸ್ ಸಂಸ್ಕೃತಿ ಸಚಿವಾಲಯದ ಅಧಿಕೃತ ತಾಣದಲ್ಲೇ ಕೊಳ್ಳಿ. ಮುಖ್ಯದ್ವಾರ ಪಶ್ಚಿಮದಲ್ಲಿದೆ; ಡಯೊನೈಸಸ್ ರಂಗಮಂದಿರದ ಬಳಿಯ ಆಗ್ನೇಯ ದ್ವಾರದಲ್ಲಿ ಸಾಲು ಸಾಮಾನ್ಯವಾಗಿ ಚಿಕ್ಕದು. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಕ್ಷೇತ್ರಗಳಿಗೆ ಉಚಿತ ಪ್ರವೇಶವಿದೆ.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ಏಪ್ರಿಲ್, ಮೇ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ವಸಂತದಲ್ಲಿ ಕಲ್ಲುಗಳ ನಡುವೆ ಕೆಂಪು ಗಸಗಸೆ ಹೂಗಳು ಅರಳಿರುತ್ತವೆ. ಬಿಸಿಲು ನಮಗೇನು ಹೊಸದೇ ಎಂದುಕೊಂಡು ಜುಲೈ, ಆಗಸ್ಟ್‌ನಲ್ಲಿ ಹೋಗಬೇಡಿ. ಬೆಟ್ಟದ ಮೇಲೆ ನೆರಳಿಲ್ಲ, ಬಿಳಿ ಕಲ್ಲು ಬಿಸಿಲನ್ನು ಮುಖಕ್ಕೇ ಎರಚುತ್ತದೆ. ಇತ್ತೀಚಿನ ಬೇಸಿಗೆಗಳ ಬಿಸಿಗಾಳಿಯ ದಿನಗಳಲ್ಲಿ ಅಕ್ರೊಪೊಲಿಸ್ಸನ್ನು ಮಧ್ಯಾಹ್ನ ಮುಚ್ಚಿದ್ದೂ ಉಂಟು. ಬಾಗಿಲು ತೆರೆಯುವ ಹೊತ್ತಿಗೆ ಅಥವಾ ಮುಚ್ಚುವ ಎರಡು ಗಂಟೆ ಮುಂಚೆ ಹೋಗಿ. ಓರೆಬಿಸಿಲಿನಲ್ಲಿ ಮಾತ್ರ ಕಂಬದ ಗೀರುಗಳ ಆಳ ಕಾಣುತ್ತದೆ.

ವೀಸಾ?

ಗ್ರೀಸ್ ಮತ್ತು ಇಟಲಿಗೆ ಒಂದೇ ಶೆಂಗೆನ್ ವೀಸಾ ಸಾಕು. ಟರ್ಕಿಗೆ ಬೇರೆ ಬೇಕು. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮನಾಗಿದ್ದರೆ ಮೊದಲು ಇಳಿಯುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ಅರ್ಜಿಗಳು ಹೆಚ್ಚುವುದರಿಂದ ಕೊನೆಯ ತಿಂಗಳವರೆಗೆ ಕಾಯಬೇಡಿ.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯಬಹುದೆ?

ಕರೆದೊಯ್ಯಬಹುದು, ಆದರೆ ಜಾಗಗಳನ್ನು ಆರಿಸಿಕೊಳ್ಳಿ. ಅಕ್ರೊಪೊಲಿಸ್‌ನಲ್ಲಿ ನಡೆಯಲು ತೊಂದರೆ ಇರುವವರಿಗಾಗಿ ಲಿಫ್ಟ್ ಇದೆ, ಮೇಲೆ ಗಾಲಿಕುರ್ಚಿ ಸಾಗುವ ಕಾಂಕ್ರೀಟ್ ದಾರಿಯೂ ಇದೆ. ಉಳಿದವರಿಗೆ ಎಚ್ಚರಿಕೆಯ ಮಾತೆಂದರೆ, ಕೋಟ್ಯಂತರ ಕಾಲುಗಳು ಉಜ್ಜಿ ನಯವಾದ ಅಮೃತಶಿಲೆ ಒಣಗಿದ್ದಾಗಲೂ ಜಾರುತ್ತದೆ; ಹಿಡಿತವಿರುವ ಬೂಟು ಬೇಕೇ ಬೇಕು. ಡೆಲ್ಫಿ ಇಳಿಜಾರಿನಲ್ಲಿದ್ದು ಮಂಡಿನೋವಿರುವವರಿಗೆ ಕಷ್ಟ. ಒಲಿಂಪಿಯಾ ಮತ್ತು ಪೇಸ್ತುಮ್ ಸಮತಟ್ಟಾದ ನೆಲದಲ್ಲಿವೆ, ಒಲಿಂಪಿಯಾದಲ್ಲಿ ಮರಗಳ ನೆರಳೂ ಇದೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೆ?

ಗ್ರೀಸಿನಲ್ಲಿ ಚೆನ್ನಾಗಿಯೇ ಸಿಗುತ್ತದೆ. ಅಲ್ಲಿನ ಕ್ರೈಸ್ತರು ವರ್ಷದಲ್ಲಿ ಹಲವು ದಿನ ಉಪವಾಸದ ನೇಮ ಪಾಲಿಸುವುದರಿಂದ ಮಾಂಸ, ಹಾಲು, ಮೊಟ್ಟೆಗಳಿಲ್ಲದ ‘ನಿಸ್ತೀಸಿಮೊ’ ಅಡುಗೆಗಳ ಪರಂಪರೆಯೇ ಇದೆ. ಟೊಮೆಟೊ ಸಾರಿನಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಗಿಗಾಂತೆಸ್, ನಮ್ಮ ಗಟ್ಟಿ ತೊವ್ವೆಯನ್ನು ನೆನಪಿಸುವ ಫಾವಾ, ತರಕಾರಿಗಳನ್ನು ಎಣ್ಣೆಯಲ್ಲಿ ಬೇಯಿಸಿದ ಬ್ರಿಯಾಮ್ ಕೇಳಿ. ಆದರೆ ಆ ನೇಮದಲ್ಲಿ ಸೀಗಡಿ, ಅಷ್ಟಪಾದಿಗಳಿಗೆ ಅಡ್ಡಿಯಿಲ್ಲವಾದ್ದರಿಂದ ‘ನಿಸ್ತೀಸಿಮೊ’ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ.

ಫೋಟೊ ತೆಗೆಯಬಹುದೆ? ನೆನಪಿಗಾಗಿ ಒಂದು ಚೂರು ಕಲ್ಲು ತರಬಹುದೆ?

ಸ್ವಂತಕ್ಕೆ ಫೋಟೊ ತೆಗೆಯಬಹುದು. ಮುಕ್ಕಾಲಿ ಮತ್ತು ಡ್ರೋನ್‌ಗಳಿಗೆ ಅನುಮತಿ ಬೇಕು. ಕಲ್ಲಿನ ಒಂದು ಚೂರನ್ನೂ ತರಬಾರದು, ಅದು ಅಪರಾಧ. ಹಗ್ಗ ದಾಟಬೇಡಿ, ಬಿದ್ದ ಕಂಬಗಳ ಮೇಲೆ ಕೂರಬೇಡಿ, ಹೆಸರು ಕೆತ್ತಬೇಡಿ. ಸೂನಿಯನ್‌ನ ಪೊಸೈಡನ್ ದೇಗುಲದಲ್ಲಿ ಆಂಗ್ಲ ಕವಿ ಬೈರನ್‌ನ ಹೆಸರು ಕೆತ್ತಿರುವುದನ್ನು ಮಾರ್ಗದರ್ಶಕರು ತೋರಿಸುತ್ತಾರೆ. ಅದಕ್ಕಿಂತ ಅಲ್ಲಿನ ಕಂಬಗಳ ಗೀರುಗಳನ್ನು ಎಣಿಸಿ. ಡೋರಿಕ್ ಕಂಬಕ್ಕೆ ಸಾಮಾನ್ಯವಾಗಿ 20 ಇರುತ್ತವೆ, ಇಲ್ಲಿ 16 ಮಾತ್ರ.

ಒಂದೇ ಒಂದು ದೇಗುಲಕ್ಕೆ ಸಮಯವಿದ್ದರೆ, ಅದೂ ಜನಜಂಗುಳಿ ಬೇಡವೆಂದಿದ್ದರೆ?

ಈಜಿನಾ ದ್ವೀಪದ ಅಫಾಯಾ ದೇಗುಲ. ಕ್ರಿ.ಪೂ. 500ರ ಸುಮಾರಿನದು, ಪಾರ್ಥೆನಾನ್‌ಗಿಂತ ಎರಡು ತಲೆಮಾರು ಹಳೆಯದು. ಗೋಪುರದಂಥ ತ್ರಿಕೋನ ಮುಂಭಾಗದಲ್ಲಿದ್ದ ಯೋಧರ ಶಿಲ್ಪಗಳು ಮ್ಯೂನಿಕ್‌ನಲ್ಲಿವೆ, ಆದರೆ ಪೈನ್ ಮರಗಳ ನಡುವೆ ಏಣಿನ ಮೇಲೆ ದೇಗುಲ ಇನ್ನೂ ತಲೆಯೆತ್ತಿ ನಿಂತಿದೆ, ಒಳಗಿನ ಎರಡು ಅಂತಸ್ತಿನ ಕಂಬಸಾಲಿನ ಭಾಗವೂ ಉಳಿದಿದೆ. ಅದು ಬೇರೆಡೆ ಕಾಣಸಿಗುವುದು ಅಪರೂಪ. ಅಥೆನ್ಸಿನ ಪಿರಿಯಸ್ ಬಂದರಿನಿಂದ ಹಡಗಿನಲ್ಲಿ ಈಜಿನಾ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಅಯಿಯಾ ಮರೀನಾ ಕಡೆಗೆ ಹೋಗುವ ಬಸ್ಸಿನಲ್ಲಿ ದೇಗುಲದ ಬಾಗಿಲಲ್ಲೇ ಇಳಿಯಬಹುದು. ಮರಳುವ ಬಸ್ಸಿನ ವೇಳೆಯನ್ನು ಬಂದರಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಒಂದು ಬಸ್ಸು ಬಿಟ್ಟು ಮುಂದಿನದನ್ನು ಹಿಡಿಯಿರಿ.